ಊದುಕೊಳವೆಯ ಮನೆ

ವಿವೇಕಸಂಪನ್ನರಾದ ವಾಚಕ ಮಹಾಶಯರೇ! ಮಹಾಮಾರಿಗಳ ಚರಿತ್ರೆಯನ್ನು ಬರೆದ ಪಂಡಿತರು ಸಾಮಾನ್ಯವಾಗಿ ಹಡಗುಗಳಿಂದ ಆರಂಭಿಸುತ್ತಾರೆ. ಬಂದರಿನಾಚೆ ಲಂಗರು ಹಾಕಿಸಿ ದಿನಗಟ್ಟಲೆ ಕಾಯಿಸಿದ ಹಡಗುಗಳು, ಹೊರಗಿನಿಂದ ಮೊಳೆ ಹೊಡೆದ ಬಾಗಿಲುಗಳು, ಹೆಣ ಹೊರುವವರೂ ಉಳಿಯದೆ ಬರಿದಾದ ಬೀದಿಗಳು ಅವರ ಗ್ರಂಥಗಳಲ್ಲಿ ಹೇರಳವಾಗಿವೆ. ರೋಗವು ಒಂದು ಎದೆಯಿಂದ ಇನ್ನೊಂದು ಎದೆಗೆ ದಾಟುವ ಬಗೆಯನ್ನು ನಾನಾದರೋ ಕೆಳಗೆ ಎರಡು ಕೋಣೆ, ಮೇಲೆ ಒಂದು ಕೋಣೆಯಿದ್ದ ಒಂದು ಮನೆಯಲ್ಲಿ ಕಂಡೆನು. ಆ ಮನೆಯವರಲ್ಲಿ ಕೆಟ್ಟವರಿರಲಿಲ್ಲ, ಅಲಕ್ಷ್ಯ ಮಾಡಿದವರೂ ಇರಲಿಲ್ಲ. ಈ ಒಂದು ಸಂಗತಿಯನ್ನು ದಯಮಾಡಿ ಮನಸ್ಸಿನಲ್ಲಿಟ್ಟುಕೊಂಡು ಮುಂದೆ ಓದತಕ್ಕದ್ದು.

ಅದು ಗಾಜು ಊದುವವರ ಮನೆ. ನಾನು ಅವರ ಕಾರ್ಖಾನೆಯಲ್ಲಿ ಸೀಸೆಗಳನ್ನು ಒಣಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸಕ್ಕೆ ಸೇರಿ, ಅವರ ಮಹಡಿಯ ಕೋಣೆಯನ್ನು ಬಾಡಿಗೆಗೆ ಹಿಡಿದಿದ್ದೆ. ತಲೆಗೂದಲಲ್ಲಿ ಸದಾ ಹುಲ್ಲಿನ ಎಸಳುಗಳಿರುತ್ತಿದ್ದುದರಿಂದ ಆ ಮನೆಯ ಹುಡುಗಿ ನನಗೆ ‘ಹುಲ್ಲು ಮಾಮ’ ಎಂದು ಹೆಸರಿಟ್ಟಳು. ಅವಳನ್ನು ಎಲ್ಲರೂ ಕರೆಯುತ್ತಿದ್ದುದು ‘ಮೆಣಸು’ ಎಂದು. ಆಳು ಅಷ್ಟೇ ಚಿಕ್ಕದು, ಬಾಯಿ ಅಷ್ಟೇ ಖಾರ. ಅವಳ ತಾತ ಬುಗ್ಗೆ ಮೇಸ್ತ್ರಿ. ಕೊಳವೆಗೆ ಬಾಯಿಟ್ಟು ಊದಿದರೆ ಅವರ ಕೆನ್ನೆಗಳು ಎರಡು ಬುಗ್ಗೆಗಳಂತೆ ಉಬ್ಬುತ್ತಿದ್ದವು. ಮೇಸ್ತ್ರಿಯ ಮಗ ಅವರ ಕೈಕೆಳಗೇ ಊದುತ್ತಿದ್ದ. ಸೊಸೆ ಮನೆಯನ್ನು ನಡೆಸುತ್ತಿದ್ದಳು.

ಅವರ ಕೆಲಸದ ರೀತಿಯನ್ನು ಇಲ್ಲಿ ಹೇಳುವುದು ಅವಶ್ಯಕ. ಉದ್ದನೆಯ ಕಬ್ಬಿಣದ ಕೊಳವೆಯ ತುದಿಯನ್ನು ಕುಲುಮೆಯಲ್ಲಿ ಅದ್ದಿ ಕರಗಿದ ಗಾಜನ್ನು ಸುತ್ತಿಕೊಳ್ಳುತ್ತಾರೆ. ಮಗ ಮೊದಲ ಉಸಿರನ್ನು ಊದಿ ಗುಳ್ಳೆ ಎಬ್ಬಿಸುತ್ತಾನೆ. ಗಾಜು ಆರುವ ಮೊದಲೇ ಕೊಳವೆಯನ್ನು ತಂದೆಗೆ ಕೊಡುತ್ತಾನೆ. ತಂದೆ ಅದೇ ಬಾಯಿಗೆ ಬಾಯಿಟ್ಟು ಊದಿ, ತೂಗಿ, ಅಚ್ಚಿಗಿಳಿಸಿ ಜಾಡಿ ಮಾಡುತ್ತಾರೆ. ಕೊಳವೆ ಮರಳಿ ಮಗನ ಕೈಗೆ ಬರುತ್ತದೆ. ಹೀಗೆ ದಿನವಿಡೀ ಒಂದೇ ಕೊಳವೆ ಎರಡು ಬಾಯಿಗಳ ನಡುವೆ ಓಡಾಡುತ್ತದೆ. ಒರೆಸಿಕೊಳ್ಳಲು ವ್ಯವಧಾನವಿಲ್ಲ, ಬದಲಾಯಿಸಲು ಉಪಾಯವಿಲ್ಲ. ಗಾಜು ಕೊಳವೆಗೇ ಅಂಟಿರುತ್ತದೆ. ಕಾರ್ಖಾನೆಯ ಕಿಟಕಿಗಳನ್ನು ತೆರೆಯುವ ವಾಡಿಕೆಯೂ ಇರಲಿಲ್ಲ. ಬಿಸಿ ಗಾಜಿಗೆ ತಣ್ಣನೆಯ ಗಾಳಿ ತಾಕಿದರೆ ಟಿಸ್ಸೆಂದು ಬಿರುಕು. ಜೀವಮಾನವಿಡೀ ಗಾಳಿಗೆ ಹೆದರಿದ ಬುಗ್ಗೆ ಮೇಸ್ತ್ರಿ ಮನೆಯಲ್ಲಿಯೂ ಕಿಟಕಿಗಳ ಸಂದುಗಳಿಗೆ ಚಿಂದಿಬಟ್ಟೆ ತುರುಕಿ, ಅಗಳಿಗಳ ಮೇಲೆ ಮೊಳೆ ಹೊಡೆದಿದ್ದರು.

ಚಳಿಗಾಲದ ಆರಂಭದಲ್ಲಿ ಮೇಸ್ತ್ರಿಗೆ ಕೆಮ್ಮು ಹತ್ತಿತು.

“ಮಾವ, ಇವತ್ತಾದ್ರೂ ದವಾಖಾನೆಗೆ ಹೋಗಿ ಬನ್ನಿ,” ಎಂದು ಸೊಸೆ ಊಟಕ್ಕೆ ಬಡಿಸುತ್ತ ಹೇಳಿದಳು. ಅಂದು ಬೇಯಿಸಿದ ಆಲೂಗಡ್ಡೆ ಮತ್ತು ರೊಟ್ಟಿ.

“ಹೊಗೆ ಕಣಮ್ಮಾ ಇದು. ಕುಲುಮೆ ಹೊಗೆ. ನಮ್ಮಪ್ಪನೂ ಕೆಮ್ಮುತ್ತಿದ್ದ.”

“ನಿಮ್ಮಪ್ಪ ಕೆಮ್ಮಿ ಏನಾದ್ರು?”

“ಸತ್ತ.”

“ಚೆನ್ನಾಗಿದೆ ನಿಮ್ಮ ಸಮಾಧಾನ!”

ಮೆಣಸು ಪಕಪಕನೆ ನಕ್ಕಳು. ಮಗ ತಟ್ಟೆಯಿಂದ ತಲೆಯೆತ್ತಲಿಲ್ಲ. ಸೊಸೆ ಅವನ ಕಡೆಗೆ ತಿರುಗಿದಳು.

“ನೀವ್ಯಾಕೆ ಬಾಯಿಗೆ ಬೀಗ ಹಾಕ್ಕೊಂಡಿದೀರಿ? ಅವರು ಊದಿದ ಕೊಳವೇನೇ ತಾನೆ ನೀವು ಊದೋದು?”

“ಬೆಂಕೀಲಿರೋ ಕಬ್ಬಿಣಕ್ಕೆ ರೋಗ ಏನು ಬರುತ್ತೆ?”

“ಬೆಂಕೀಲಿರೋದು ಆ ತುದಿ. ಬಾಯಿ ಇಡೋದು ಈ ತುದಿ. ಅಷ್ಟೂ ಗೊತ್ತಾಗಲ್ವೇನ್ರೀ?”

ಅಷ್ಟು ವರ್ಷ ಆ ಕೊಳವೆಯನ್ನು ಹಿಡಿದವರಿಗೆ ಅದಕ್ಕೆ ಎರಡು ತುದಿಗಳಿರುವುದು ಅಂದು ಮೊದಲ ಬಾರಿಗೆ ಹೊಳೆದಂತಿತ್ತು.

ಮುಂದಿನ ವಾರ ಒಂದು ದೊಡ್ಡ ಜಾಡಿಯನ್ನು ಊದುತ್ತಿದ್ದಾಗ ಮೇಸ್ತ್ರಿಗೆ ಕೆಮ್ಮು ಒತ್ತರಿಸಿ ಬಂತು. ಜಾಡಿ ಒಂದು ಬದಿಗೆ ಸೊಟ್ಟಗಾಗಿ ಜೋತುಬಿತ್ತು. ಅವರ ಕರವಸ್ತ್ರದಲ್ಲಿ ಕೆಂಪು ಕಂಡಿತು. ಪಕ್ಕದ ಕುಲುಮೆಯವರೆಲ್ಲ ಕೆಲಸ ನಿಲ್ಲಿಸಿ ನೋಡಿದರು; ಒಬ್ಬರೂ ಹತ್ತಿರ ಬರಲಿಲ್ಲ. ಮಗ ತಂದೆಯ ಕೈಹಿಡಿದು ದವಾಖಾನೆಗೆ ಕರೆದೊಯ್ದ.

ಸಂಜೆ ಇಬ್ಬರೂ ಹಿಂದಿರುಗಿದಾಗ ಸೊಸೆ ಬಾಗಿಲಲ್ಲೇ ನಿಂತಿದ್ದಳು.

“ಏನಂದ್ರು?”

“ಕ್ಷಯ ಅಂದ್ರು,” ಎಂದ ಮಗ. “ಮಾತ್ರೆ ಸದ್ಯಕ್ಕೆ ಖಾಲಿಯಂತೆ. ಬಂದಾಗ ಹೇಳಿಕಳಿಸ್ತಾರಂತೆ. ಕುಡಿಯೋದಕ್ಕೆ ಟಾನಿಕ್ ಕೊಟ್ಟಿದಾರೆ.”

“ಮತ್ತೆ ಬೇರೆಯವರಿಗೆ ಅಂಟದ ಹಾಗೆ ಏನು ಮಾಡ್ಬೇಕಂತೆ? ಕೇಳಿದ್ರಾ?”

“ಕೇಳ್ದೆ. ಕೊಳವೆ ಹಂಚ್ಕೋಬಹುದಾ ಅಂದೆ. ಖಂಡಿತ ಕೂಡದು ಅಂದ್ರು.”

“ಅಷ್ಟೇನಾ?”

“ಇನ್ನೂ ಏನೋ ಹೇಳಕ್ಕೆ ಹೊರಟ್ರು, ಹಿಂದಿನಿಂದ ಜನ ತಳ್ಳಿಬಿಟ್ರು. ಸಾಲು ಬೀದಿ ತನಕ ಇತ್ತು ಕಣೇ.”

ಅವನು ಕೊಳವೆಯ ಬಗ್ಗೆ ಕೇಳಿದ್ದ. ಕೊಳವೆಯ ಬಗ್ಗೆ ಉತ್ತರ ಬಂದಿತ್ತು. ಊದುವವನಿಗೆ ಬೇರೆ ಯಾವ ಪ್ರಶ್ನೆ ತಾನೇ ಹೊಳೆಯಬೇಕು?

ಆ ರಾತ್ರಿಯ ಊಟ ಜಗಳದಲ್ಲಿಯೇ ಆರಿತು.

“ನನಗೊಂದು ಬೇರೆ ಕೊಳವೆ ಕೊಡಿ. ಸುತ್ತೋದೂ ನಾನೇ, ಊದೋದೂ ನಾನೇ,” ಎಂದರು ಮೇಸ್ತ್ರಿ.

“ಅಪ್ಪ, ಕುಲುಮೆ ಬಾಯಲ್ಲಿ ನಿಂತು ಗಾಜು ಎತ್ತೋ ಶಕ್ತಿ ಎಲ್ಲಿದೆ ನಿಮಗೆ? ಮೆಟ್ಟಿಲು ಹತ್ತಿದ್ರೆ ಏದುಸಿರು ಬಿಡ್ತೀರಿ.”

“ಹಾಗಾದ್ರೆ ನೇರವಾಗಿ ಹೇಳೋ. ಮನೇಲಿ ಬಿದ್ದಿರು ಮುದುಕ ಅಂತ.”

“ನಾನು ಹಾಗಂದ್ನಾ?”

“ನಾನಂತೀನಿ,” ಎಂದಳು ಸೊಸೆ. “ನಾನೇ ಅಂತೀನಿ ಮಾವ. ಬೈಯೋದಿದ್ರೆ ನನ್ನೇ ಬೈಯಿರಿ. ನನಗಿರೋದು ಒಬ್ಬ ಗಂಡ.”

ಮೇಸ್ತ್ರಿ ಬಹಳ ಹೊತ್ತು ರೊಟ್ಟಿಯ ಚೂರನ್ನು ಬೆರಳುಗಳಲ್ಲಿ ಹೊಸೆದರು. “ನಿನಗೆ ನಿನ್ನ ಗಂಡ. ನನಗೆ ನನ್ನ ಮಗ,” ಎಂದರು ಕೊನೆಗೆ. “ನಾಳೆಯಿಂದ ಹೋಗಲ್ಲ.”

ಮೇಸ್ತ್ರಿಯ ಸಂಬಳ ನಿಂತಿತು. ಆದ್ದರಿಂದ ಸೊಸೆ ಕಾರ್ಖಾನೆಯಲ್ಲಿ ಸೀಸೆಗಳ ಬಾಯಿ ತಿಕ್ಕಿ ನಯಮಾಡುವ ವಿಭಾಗಕ್ಕೆ ಸೇರಿದಳು. ಹೊರಡುವ ಮೊದಲು ಅವಳು ಮಾಡುತ್ತಿದ್ದ ಕೆಲಸಗಳನ್ನು ಕಂಡವರು ಬೆಚ್ಚಬೇಕು. ಮಾವನ ತಟ್ಟೆ, ಲೋಟ, ಚಮಚ, ಟವೆಲು ಎಲ್ಲವೂ ಬೇರೆ. ಅವುಗಳನ್ನು ಬೇರೆ ಹಂಡೆಯಲ್ಲಿ ಕುದಿಸುವಳು. ಅವುಗಳನ್ನು ಎತ್ತಿದ ಇಕ್ಕಳವನ್ನೂ ಕುದಿಸುವಳು. ಉಗುಳುವ ಡಬ್ಬಕ್ಕೆ ಮುಚ್ಚಳ. ಅದರಲ್ಲಿದ್ದುದನ್ನು ಬೂದಿಯೊಡನೆ ಸುಡುವಳು. ಬಿಸಿನೀರಿಗೂ ಸೋಡಾಪುಡಿಗೂ ಅವಳ ಬೆರಳಿನ ಚರ್ಮ ಸುಲಿದುಹೋಯಿತು. ಗಂಡನ ಕೊಳವೆಯನ್ನು ಕಾರ್ಖಾನೆಯಲ್ಲಿ ಇನ್ನಾರೂ ಮುಟ್ಟಕೂಡದೆಂದು ಅದಕ್ಕೆ ಕೆಂಪು ದಾರ ಕಟ್ಟಿಸಿದಳು.

“ಇನ್ನು ನನ್ನನ್ನೇ ಒಂದ್ಸಲ ಹಂಡೆಗೆ ಹಾಕಿ ಕುದಿಸಿಬಿಡು,” ಎಂದರು ಮೇಸ್ತ್ರಿ.

“ಹಂಡೆ ಸಣ್ಣದು ಮಾವ. ಇಲ್ಲಾಂದ್ರೆ ಬಿಡ್ತಿರಲಿಲ್ಲ.”

ಇಬ್ಬರೂ ನಕ್ಕರು. ಜಗಳ ಅಲ್ಲಿಗೆ ತಣ್ಣಗಾಯಿತೆಂದೇ ನಾನು ಭಾವಿಸಿದೆ.

ಶಾಲೆಯಿಂದ ಬಂದ ಮೆಣಸು, ಅಮ್ಮ ಬರುವವರೆಗೆ ತಾತನ ಕೋಣೆಯಲ್ಲಿರುತ್ತಿದ್ದಳು. ಅಲ್ಲಿ ಒಲೆ ಇತ್ತು, ದೀಪವಿತ್ತು, ಬೆಚ್ಚಗಿತ್ತು. ತಾತನಿಗೂ ದಿನವಿಡೀ ಗೋಡೆ ನೋಡಿ ಸಾಕಾಗಿರುತ್ತಿತ್ತು. ಸೊಸೆ ಅದಕ್ಕೆ ಅಡ್ಡಿ ಮಾಡಲಿಲ್ಲ. “ತಾತನ ಲೋಟ ಮುಟ್ಬೇಡ, ತಾತನ ಟವೆಲ್ಲಲ್ಲಿ ಮುಖ ಒರೆಸ್ಕೋಬೇಡ,” ಎಂದು ಎಚ್ಚರಿಸಿ ಹೋಗುವಳು. ಮೆಣಸು ಆ ಮಾತನ್ನು ಚಾಚೂ ತಪ್ಪದೆ ನಡೆಸಿದಳು. ತಾತನ ಲೋಟದ ಪಕ್ಕದಲ್ಲಿ ಹಾಯುವಾಗಲೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುವಳು.

ನಾನು ಹಾಲಿನ ಪಾತ್ರೆಯನ್ನು ಕೊಡಲು ಕೆಳಗಿಳಿದಾಗ ಒಮ್ಮೆ ಅವಳು ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಆ ತಿಂಗಳ ಪಾಠ ಸಾಂಕ್ರಾಮಿಕ ರೋಗಗಳ ಚರಿತ್ರೆ.

“‘ಪ್ಲೇಗಿನ ವೈದ್ಯರು ಹಕ್ಕಿಯ ಕೊಕ್ಕಿನಂತಹ ಮುಖವಾಡ ಧರಿಸಿ, ಅದರೊಳಗೆ ಹೂಗಳನ್ನು ತುಂಬಿಕೊಳ್ಳುತ್ತಿದ್ದರು.’ ತಾತ, ಕೊಕ್ಕು ಹಾಕ್ಕೊಂಡು ಬಂದ್ರೆ ರೋಗಿ ಹೆದರಿಕೊಂಡೇ ಸಾಯಲ್ವಾ?”

“ಹೂವು ಯಾಕಂತೆ?”

“ದುರ್ವಾಸನೆಯಿಂದ ರೋಗ ಬರುತ್ತೆ ಅಂತ ತಿಳ್ಕೊಂಡಿದ್ರಂತೆ. ಕೇಳಿ, ಇದು ಇನ್ನೂ ಚೆನ್ನಾಗಿದೆ. ‘ಕಾಲರಾ ಬಂದಾಗಲೂ ಕೆಟ್ಟ ಗಾಳಿಯೇ ಕಾರಣವೆಂದು ಜನರು ನಂಬಿದರು. ಆದರೆ ಒಂದು ಬೀದಿಯ ನೀರಿನ ಪಂಪಿನಿಂದ ರೋಗ ಹರಡುತ್ತಿದ್ದುದನ್ನು ಒಬ್ಬ ವೈದ್ಯರು ಪತ್ತೆಹಚ್ಚಿದರು. ಪಂಪಿನ ಹಿಡಿಯನ್ನು ಕಳಚಲಾಯಿತು. ಗಾಳಿಯ ಮೇಲಿನ ಆರೋಪ ಸುಳ್ಳೆಂದು ತಿಳಿಯಿತು.’”

ಅಷ್ಟರಲ್ಲಿ ಸೊಸೆ ಕೆಲಸದಿಂದ ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಅವಳ ಮುಖದಲ್ಲಿ ಗೆದ್ದವಳ ಕಳೆಯಿತ್ತು.

“ಕೇಳಿದ್ರಾ ಮಾವ? ಗಾಳಿ ಅಲ್ಲ. ತಿನ್ನೋದು, ಕುಡಿಯೋದು. ನಾನು ಲೋಟ ಕುದಿಸಿದ್ರೆ ನಗ್ತೀರಲ್ಲ?”

“ನಾನೆಲ್ಲಿ ನಗ್ತೀನಿ? ಸದ್ಯ, ಗಾಳಿ ಒಳಗೆ ಬರದ ಹಾಗೆ ನಾನು ಕಿಟಕಿ ಮುಚ್ಚಿಟ್ಟಿದೀನಿ. ಅದಾದ್ರೂ ಸರಿ ತಾನೆ?”

“ಅದು ಸರಿ. ಚಳಿ ಬೇರೆ,” ಎಂದು ಸೊಸೆ ಸಂದಿನಿಂದ ಜಾರಿದ್ದ ಒಂದು ಚಿಂದಿಯನ್ನು ತಾನೇ ಒಳಕ್ಕೆ ಒತ್ತಿದಳು.

ಪುಸ್ತಕದಲ್ಲಿದ್ದುದು ಸುಳ್ಳಲ್ಲ, ಅದು ಕಾಲರಾದ ಮಾತು. ಕ್ಷಯದ ಮಾತಿದ್ದ ಮುಂದಿನ ಭಾಗ ಇನ್ನೂ ಶಾಲೆಯಲ್ಲಿ ಬಂದಿರಲಿಲ್ಲ. ನಾನೂ ಹಾಲಿನ ಪಾತ್ರೆಯನ್ನು ಇಟ್ಟು ಮೇಲೆ ಹೋದೆ.

ಹೀಗೆ ಚಳಿಗಾಲ ಬಲಿಯಿತು. ಮೇಸ್ತ್ರಿ ಕೆಮ್ಮುವರು, ಮೆಣಸು ಓದುವಳು, ಹಂಡೆ ಕುದಿಯುವುದು. ದವಾಖಾನೆಯಿಂದ ಹೇಳಿಕಳಿಸಿದವರಿಲ್ಲ. ಮಗ ಕೇಳಲು ಹೋದಾಗಲೆಲ್ಲ “ಬರುವ ವಾರ” ಎನ್ನಿಸಿಕೊಂಡು ಬಂದ. ಅವನ ಎದೆಯನ್ನು ಮಾತ್ರ ಅಲ್ಲಿ ಪರೀಕ್ಷಿಸಿ ಸ್ವಚ್ಛವಾಗಿದೆಯೆಂದರು. ಅಂದು ಸೊಸೆ ಎಲ್ಲರಿಗೂ ಮೊಟ್ಟೆ ಬೇಯಿಸಿದಳು, ನನಗೂ ಒಂದನ್ನು ಮೇಲಕ್ಕೆ ಕಳಿಸಿದಳು.

ಮೆಣಸು ತನ್ನ ಮೊಟ್ಟೆಯನ್ನು ಅರ್ಧದಲ್ಲೇ ಬಿಟ್ಟಳು.

“ಯಾಕೆ, ಮಹಾರಾಣಿಯವರಿಗೆ ರುಚಿಸಲಿಲ್ವಾ?”

“ಸಾಕಮ್ಮ.”

“ನಿನ್ನೆ ರೊಟ್ಟೀನೂ ಸಾಕು, ಇವತ್ತು ಮೊಟ್ಟೇನೂ ಸಾಕು. ಗಾಳಿ ತಿಂದ್ಕೊಂಡು ಬದುಕ್ತೀಯಾ?”

“ಬಿಡೇ, ಮಕ್ಕಳು ಬೆಳೆಯೋವಾಗ ಹಾಗೇ,” ಎಂದ ಮಗ.

ಬೆಳೆಯುವ ಮಗುವಿನ ಅಂಗಿ ಬಿಗಿಯಾಗಬೇಕು. ಅವಳದು ಸಡಿಲವಾಗುತ್ತ ಬಂತು. ಸಂಜೆಯಾದರೆ ಕೆನ್ನೆ ಕೆಂಪೇರುವುದು. ಶಾಲೆಯಿಂದ ಬರುವಾಗ ದಾರಿಯ ಕಟ್ಟೆಗಳ ಮೇಲೆಲ್ಲ ಕುಳಿತು ಬರುವಳು. ಓದುವ ದನಿ ಮೊದಲು ಸಣ್ಣದಾಯಿತು, ಆಮೇಲೆ ಪುಟದ ಮಧ್ಯದಲ್ಲಿ ನಿಲ್ಲತೊಡಗಿತು. ಮೇಸ್ತ್ರಿಯೇ ಒಂದು ಬೆಳಗ್ಗೆ ಸೊಸೆಯನ್ನು ಕರೆದು, “ಅಮ್ಮಾ, ಮಗು ಕೆಮ್ಮಿದ್ದು ಕೇಳಿಸ್ತು ನನಗೆ,” ಎಂದರು.

“ನೀವು ಕೆಮ್ಮಿದ್ದಿರಬೇಕು.”

“ನನ್ನ ಕೆಮ್ಮು ನನಗೆ ಗೊತ್ತಿಲ್ವಾ?”

ಸೊಸೆ ಕೈಯಲ್ಲಿದ್ದ ಇಕ್ಕಳವನ್ನು ಕೆಳಗಿಟ್ಟಳು. ಅಂದು ಅವಳು ಕೆಲಸಕ್ಕೆ ಹೋಗಲಿಲ್ಲ.

ದವಾಖಾನೆಯಲ್ಲಿ ಮಗುವಿನ ಎದೆಯ ಚಿತ್ರ ತೆಗೆದರು. ಎರಡು ದಿನ ಬಿಟ್ಟು ಒಬ್ಬ ದಾದಿ ಮನೆಗೇ ಬಂದಳು. ದಣಿದ, ದಪ್ಪನೆಯ ಹೆಂಗಸು. ಅಂದು ಇನ್ನೂ ಎಷ್ಟೋ ಮನೆಗಳಿಗೆ ಹೋಗಬೇಕಿತ್ತು. ಮಾತ್ರೆಗಳ ಪೊಟ್ಟಣವನ್ನು ಮೇಜಿನ ಮೇಲಿಟ್ಟು, “ಮಗೂಗೂ ಕ್ಷಯಾನೇ. ಇಬ್ಬರಿಗೂ ಮಾತ್ರೆ ಬಂದಿದೆ ಈಗ. ತಿಂಗಳುಗಟ್ಟಲೆ ನುಂಗಬೇಕು, ಒಂದು ದಿನಾನೂ ಬಿಡೋ ಹಾಗಿಲ್ಲ,” ಎಂದಳು. ಆಮೇಲೆ ತಾತನ ಕೋಣೆಯೊಳಗೆ ಕಾಲಿಟ್ಟವಳು ಹಾಗೆಯೇ ನಿಂತಳು.

“ಈ ಕಿಟಕಿಗಳು ಯಾಕೆ ಮುಚ್ಚಿವೆ?”

“ಗಾಳಿ ಬರುತ್ತೆ ಅಂತ,” ಎಂದ ಮಗ.

“ಬರಲಿ ಅಂತಾನೇ ಅಲ್ವೇನಪ್ಪ ಕಿಟಕಿ ಇಡೋದು?”

ಸೊಸೆ ಮುಂದೆ ಬಂದಳು. “ನಾನು ಒಂದು ಚಮಚಾನೂ ಬಿಡದೆ ಕುದಿಸಿದೀನಿ ಅಕ್ಕಾ. ಬನ್ನಿ, ಹಂಡೆ ತೋರಿಸ್ತೀನಿ. ಮಗು ಒಂದ್ಸಲಾನೂ ಅವರ ಲೋಟ ಮುಟ್ಟಿಲ್ಲ. ಕೇಳಿ ಬೇಕಾದ್ರೆ.”

“ಮುಟ್ಟಿಲ್ಲ,” ಎಂದಳು ಮೆಣಸು ಹಾಸಿಗೆಯಿಂದ.

ದಾದಿ ಸೊಸೆಯ ಸುಲಿದ ಬೆರಳುಗಳನ್ನು ನೋಡಿದಳು. ಅವಳ ದನಿ ಇಳಿಯಿತು. “ಇದು ಲೋಟದಲ್ಲಿ ಕೂತಿರೋ ರೋಗ ಅಲ್ಲಮ್ಮ. ಕೆಮ್ಮಿದಾಗ ಗಾಳಿಗೆ ಹೋಗುತ್ತೆ. ಮುಚ್ಚಿದ ಕೋಣೇಲಿ ಗಂಟೆಗಟ್ಟಲೆ ಹಾಗೇ ತೇಲ್ತಿರುತ್ತೆ. ಅಲ್ಲಿ ಕೂತು ಉಸಿರಾಡಿದ್ರೆ ಸಾಕು.”

“ಮತ್ತೆ ನಾನು ಕುದಿಸಿದ್ದು?”

“ಕುದಿಸಿದ್ದು ತಪ್ಪೇನಲ್ಲ.”

ಇದಕ್ಕಿಂತ ಕ್ರೂರವಾದ ಸಮಾಧಾನವನ್ನು ನಾನು ಕೇಳಿಲ್ಲ. ದಾದಿ ಎಲ್ಲರ ಎದೆಗೂ ಸ್ಟೆತಾಸ್ಕೋಪಿನ ಕೊಳವೆ ಇಟ್ಟು ಕೇಳಿದಳು, ನನ್ನದನ್ನೂ ಕೇಳಿದಳು. ಹೊರಡುವ ಮೊದಲು, “ಮಗೂನ ಬೇರೆ ಮಲಗಿಸಿ. ಗಾಳಿ ಆಡೋ ಕೋಣೆ ಇದೆಯಾ?” ಎಂದು ಕೇಳಿದಳು. ಎರಡು ಬದಿಯಲ್ಲೂ ಕಿಟಕಿಯಿದ್ದ ಕೋಣೆ ಆ ಮನೆಯಲ್ಲಿ ಒಂದೇ. ಅದು ನನ್ನದಾಗಿತ್ತು.

ಅವಳು ಹೋದಮೇಲೆ ಅಡುಗೆಮನೆಯಲ್ಲಿ ಮಾತು ಏರಿತು.

“ನೀನು ಕೆಲಸಕ್ಕೆ ಹೋಗದೇ ಇದ್ದಿದ್ರೆ ಮಗು ಆ ಕೋಣೇಲಿ ಇರ್ತಾನೇ ಇರಲಿಲ್ಲ!”

“ನಾನ್ಯಾಕೆ ಹೋದೆ? ಮಾವ ಬಿಟ್ಟಿದ್ದಕ್ಕೆ ಹೋದೆ. ಮಾವ ಯಾಕೆ ಬಿಟ್ರು?”

“ನೀನು ಬಿಡಿಸಿದೆ!”

“ನಿಮ್ಮ ಎದೆ ಉಳೀಲಿ ಅಂತ ಬಿಡಿಸ್ದೆ! ಉಳೀತಲ್ಲ? ನೋಡ್ಕೊಳ್ಳಿ, ಸ್ವಚ್ಛವಾಗಿದೆಯಂತೆ! ಕನ್ನಡಿ ತರ್ಲಾ?”

ಅವನು ಕೈಯೆತ್ತಿದ. ಎತ್ತಿದ ಕೈಯನ್ನು ಏನು ಮಾಡಬೇಕೆಂದು ತಿಳಿಯದೆ ಕಪಾಟಿನ ಬಾಗಿಲನ್ನು ಮುಚ್ಚಿದ. ಅದು ಮೊದಲೇ ಮುಚ್ಚಿತ್ತು. ಸೊಸೆ ನೆಲದಲ್ಲಿ ಕುಸಿದು ಕುಳಿತಳು. “ಅವರು ಕುಲುಮೆ ಹತ್ರಾನೇ ಇದ್ದಿದ್ರೆ ಮಗು ಚೆನ್ನಾಗಿರ್ತಿತ್ತು. ನಾನೇ ಮನೆಗೆ ಕರೆದೆ, ನಾನೇ,” ಎಂದು ಮತ್ತೆ ಮತ್ತೆ ಹೇಳತೊಡಗಿದಳು. ಅವನು ಅವಳ ಪಕ್ಕದಲ್ಲಿ ಕುಳಿತನೇ ಹೊರತು ಅಲ್ಲವೆನ್ನಲಿಲ್ಲ. ಹೌದೆನ್ನಲೂ ಇಲ್ಲ.

ಆ ಹೊತ್ತಿಗೆ ಒಳಕೋಣೆಯಲ್ಲಿ ಟಕಟಕ ಸದ್ದು. ಬುಗ್ಗೆ ಮೇಸ್ತ್ರಿ ಕುರ್ಚಿಯ ಮೇಲೆ ನಿಂತು ಇಕ್ಕಳದಿಂದ ಕಿಟಕಿಯ ಮೊಳೆಗಳನ್ನು ಕೀಳುತ್ತಿದ್ದರು. ತುಕ್ಕು ಹಿಡಿದ ಮೊಳೆ ಸುಲಭವಾಗಿ ಬರುತ್ತಿರಲಿಲ್ಲ. ಒಂದೊಂದಕ್ಕೂ ನಿಂತು ದಣಿವಾರಿಸಿಕೊಳ್ಳುತ್ತಿದ್ದರು. ನಾನು ಕೈಹಾಕಲು ಹೋದಾಗ, “ಬೇಡ ಕಣಯ್ಯ. ಹೊಡೆದವನು ನಾನು,” ಎಂದರು. ಕಿಟಕಿ ತೆರೆಯಿತು. ಚಳಿಗಾಳಿ ನುಗ್ಗಿ ಒಲೆಯ ಬೂದಿಯನ್ನೆಲ್ಲ ಹಾಸಿಗೆಯ ಮೇಲೆ ಹಾರಿಸಿತು. ಅವರು ಕಂಬಳಿ ಹೊದೆಯದೆ ಅದರೆದುರೇ ಕುಳಿತರು. ಮಗ ಬಂದು ಹೊದಿಸಿದ, ತೆಗೆದುಹಾಕಿದರು. ಸೊಸೆ ಬಂದು ಹೊದಿಸಿದಳು. ಅವಳು ಹೊದಿಸಿದ್ದನ್ನು ತೆಗೆಯಲಿಲ್ಲ.

“ಅಮ್ಮಾ, ನನ್ನ ಪಾಲಿನ ಮಾತ್ರೇನೂ ಅವಳಿಗೇ ಕೊಟ್ಟುಬಿಡು.”

“ಹಾಗೆ ಕೊಡೋ ಹಾಗಿಲ್ಲ ಮಾವ. ಎರಡರಷ್ಟು ನುಂಗಿದ್ರೆ ಎರಡರಷ್ಟು ಬೇಗ ವಾಸಿಯಾಗಲ್ವಂತೆ.”

“ಕೇಳಿದ್ಯಾ?”

“ಹೂಂ. ನಾನೂ ಅದನ್ನೇ ಕೇಳಿದ್ದೆ.”

ಮರುದಿನ ಮುಂಜಾನೆ ಸೊಸೆ ಚಹಾ ಹಿಡಿದು ಮಹಡಿಗೆ ಬಂದಳು. ಎಂದೂ ಬಂದವಳಲ್ಲ. ಲೋಟವನ್ನು ಕೊಟ್ಟವಳು ಕೆಳಗಿಳಿಯಲಿಲ್ಲ. ಕಣ್ಣುಗಳು ಮಾತ್ರ ಒಂದು ಕಿಟಕಿಯಿಂದ ಇನ್ನೊಂದು ಕಿಟಕಿಗೆ ಹೋದವು, ಮಂಚದ ಉದ್ದವನ್ನು ಅಳೆದವು, ಬಾಗಿಲಿಗೆ ಬಂದು ನಿಂತವು.

“ಅಕ್ಕಾ, ನಾನು ಇವತ್ತು ಹೊರಡ್ತೀನಿ,” ಎಂದೆ.

“ನಾನು ಹೋಗಿ ಅನ್ನಲಿಲ್ಲ.”

“ನೀವು ಅನ್ನಲಿಲ್ಲ.”

“ಈ ಚಳೀಲಿ ಎಲ್ಲಿಗೆ ಹೋಗ್ತೀರಿ?”

“ಸೀಸೆ ಎಲ್ಲಿ ಮಾಡ್ತಾರೋ ಅಲ್ಲಿ ಹುಲ್ಲು ಸುತ್ತೋನೂ ಬೇಕಲ್ಲ.”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು. “ಮಗು ವಾಸಿಯಾಗುತ್ತೆ ಅಂತೀರಾ?”

ಓದಿದ್ದ ಪುಸ್ತಕಗಳಲ್ಲೆಲ್ಲ ಇಂಥ ಪ್ರಶ್ನೆಗೆ ಸೊಗಸಾದ ಉತ್ತರಗಳಿದ್ದವು. ಒಂದೂ ಬಾಯಿಗೆ ಬರಲಿಲ್ಲ. “ಮಾತ್ರೆ ಬಂತಲ್ಲ ಅಕ್ಕಾ,” ಎಂದೆ. “ಬಂತು,” ಎಂದಳು ಅವಳು.

ನನ್ನ ಗಂಟು ಕಟ್ಟಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡು ಅಂಗಿ, ಒಂದು ಕಂಬಳಿ, ಹೊದಿಕೆ ಹರಿದ ಕೆಲವು ಕಾದಂಬರಿಗಳು. ಕಾದಂಬರಿಗಳನ್ನು ಮೆಣಸಿಗೆಂದು ಕಿಟಕಿಯ ದಂಡೆಯ ಮೇಲೆ ಬಿಟ್ಟೆ. ನೆಲ ಗುಡಿಸಿದೆ. ಮಂಚವನ್ನು ಎರಡು ಕಿಟಕಿಗಳ ನಡುವಿಗೆ ಎಳೆದೆ. ಇಳಿಯಲು ಹೊರಟಾಗ ಕೆಳಗಿನಿಂದ ಮಗ ಮಗುವನ್ನು ಎತ್ತಿಕೊಂಡು ಹತ್ತಿ ಬರುತ್ತಿದ್ದ. ಹಿಂದೆ ದಿಂಬು ಹಿಡಿದ ಸೊಸೆ. ಮೆಟ್ಟಿಲು ಇಕ್ಕಟ್ಟು; ಹಿಂದಿರುಗಲು ಅವರಿಗೂ ಆಗದು, ನನಗೂ ಆಗದು. ಗೋಡೆಗೆ ಒತ್ತಿಕೊಂಡು ದಾರಿ ಬಿಟ್ಟೆ.

ಕಳೆದ ವಾರಗಳಲ್ಲಿ ಅವಳಿಗೆ ಹೇಳಬೇಕೆಂದು ನಾನು ಕೂಡಿಟ್ಟುಕೊಂಡ ಮಾತುಗಳು ಅನೇಕವಿದ್ದವು. ಅವುಗಳಲ್ಲಿ ಒಂದನ್ನು ಆರಿಸಿ ಬಾಯಿ ತೆರೆದೆ. ಅಷ್ಟರಲ್ಲಿ ಮೆಣಸು ತಟ್ಟನೆ ಮುಖವನ್ನು ಗೋಡೆಗೆ ತಿರುಗಿಸಿ, ಕಣ್ಣು ಮುಚ್ಚಿ, ತುಟಿಗಳನ್ನು ಬಿಗಿಹಿಡಿದಳು. ಸಿಟ್ಟಾಗಿದ್ದಾಳೆಂದೇ ತಿಳಿದೆ.

“ಏನೇ ಕಂದ? ಮಾಮಂಗೆ ಹೋಗ್ಬನ್ನಿ ಅನ್ನು,” ಎಂದ ತಂದೆ.

ಅವಳು ತಲೆಯಲ್ಲಾಡಿಸಿದಳು. ಕೆನ್ನೆಗಳು ಉಬ್ಬಿದ್ದವು, ಮುಖ ಕೆಂಪಾಗುತ್ತಿತ್ತು. ಸೊಳ್ಳೆಯನ್ನು ಓಡಿಸುವಂತೆ ಪುಟ್ಟ ಕೈ ನನ್ನತ್ತ ಬೀಸಿತು: ಹೋಗಿ, ಹೋಗಿ. ಆಗ ನನಗೆ ತಿಳಿಯಿತು. ನಾನು ದಾಟುವವರೆಗೆ ಅವಳು ಉಸಿರು ಬಿಡುವುದಿಲ್ಲ.

ಮಾತನ್ನು ನುಂಗಿಕೊಂಡು, ಗಂಟನ್ನು ಎದೆಗವಚಿಕೊಂಡು ನಾನು ಓಡಿದೆ. ಮೆಟ್ಟಿಲು, ಅಡುಗೆಮನೆ, ತೆರೆದ ಕಿಟಕಿಯೆದುರು ಕಂಬಳಿ ಹೊದ್ದ ಮುದುಕರು, ಬಾಗಿಲು, ಬೀದಿ. ಬೀದಿಯ ತಿರುವಿನ ತನಕ ಓಡಿದೆ. ಹಿಂದೆ ನೋಡಲಿಲ್ಲ, ನಾನೆಲ್ಲಾದರೂ ನಿಂತಿದ್ದರೆ ಅವಳು ಇನ್ನೂ ಉಸಿರು ಹಿಡಿದುಕೊಂಡಿರುತ್ತಿದ್ದಳು.